ಗೋದಾವರಿ ಕಣಿವೆಯ ದ್ರಾಕ್ಷಿ ನಾಡಿನಲ್ಲಿ ಚಾರಣ: ಸಾಂತಾಕ್ರೂಜ್‌ನಿಂದ ಹೋಗಿಬರುವವರಿಗೆ ಮಾಹಿತಿ

ಮುಂಬಯಿ ಕನ್ನಡಿಗರಿಗೆ ನಾಸಿಕ್ ಎಂದರೆ ಮೊದಲು ನೆನಪಾಗುವುದು ತ್ರ್ಯಂಬಕೇಶ್ವರ ಮತ್ತು ಪಂಚವಟಿ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ವೈನ್ ಪ್ರವಾಸವೂ ಸೇರಿಕೊಂಡಿದೆ. ಶನಿವಾರ ಕಾರಿನಲ್ಲಿ ಹೋಗಿ, ಒಂದು ವೈನರಿ ನೋಡಿ, ದೇವರ ದರ್ಶನ ಮುಗಿಸಿ ಭಾನುವಾರ ರಾತ್ರಿ ಮರಳುವುದು ರೂಢಿ. ಆದರೆ ಈ ನದಿ ಹುಟ್ಟುವ ಬೆಟ್ಟದಿಂದ ದ್ರಾಕ್ಷಿ ಬೆಳೆಯುವ ಬಯಲಿನವರೆಗೆ ನಡೆದು ನೋಡಬಹುದಾದ ಹಾದಿಗಳು ಹಲವಿವೆ. ಯುರೋಪಿನ ಕೆಲವು ಕಣಿವೆಗಳಲ್ಲಿರುವಂತೆ ತೋಟದಿಂದ ತೋಟಕ್ಕೆ ಫಲಕ ಹಾಕಿದ ಒಂದೇ ದಾರಿ ಇಲ್ಲಿಲ್ಲ. ಬೆಟ್ಟದ ಮೆಟ್ಟಿಲು, ಯಾತ್ರಿಕರ ದಾರಿ, ಹಳ್ಳಿ ರಸ್ತೆಗಳನ್ನು ನಾವೇ ಜೋಡಿಸಿಕೊಳ್ಳಬೇಕು.

ಒಂದೇ ಬೆಟ್ಟ, ಎರಡು ನದಿ

ತ್ರ್ಯಂಬಕ ಊರಿನ ಬೆನ್ನಿಗಿರುವ ಬ್ರಹ್ಮಗಿರಿಯಲ್ಲಿ ಗೋದಾವರಿ ಹುಟ್ಟುತ್ತಾಳೆ. ಕನ್ನಡ ನಾಡಿನ ಉತ್ತರದ ಎಲ್ಲೆ ಎಂದು ಕವಿರಾಜಮಾರ್ಗ ಹೆಸರಿಸಿದ ನದಿಯೇ ಇದು. ಇಲ್ಲಿಂದ ಪೂರ್ವಕ್ಕೆ ಸುಮಾರು 1,465 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಇದೇ ತ್ರ್ಯಂಬಕ ಬೆಟ್ಟಸಾಲಿನ ಇನ್ನೊಂದು ಬದಿಯಲ್ಲಿ ವೈತರಣಾ ನದಿ ಹುಟ್ಟಿ ಪಶ್ಚಿಮಕ್ಕೆ, ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಮೇಲ್ ವೈತರಣಾ, ಮಧ್ಯ ವೈತರಣಾ ಮತ್ತು ಮೋಡಕ್ ಸಾಗರ್ ಜಲಾಶಯಗಳಲ್ಲಿ ನಿಂತ ಅದರ ನೀರು ಮುಂಬಯಿಯ ನಲ್ಲಿಗಳಿಗೆ ಬರುತ್ತದೆ. ಅಂದರೆ ಬೆಟ್ಟದ ಒಂದು ಕಡೆ ಬಿದ್ದ ಮಳೆ ನಾಸಿಕ್‌ನ ದ್ರಾಕ್ಷಿಗೆ, ಇನ್ನೊಂದು ಕಡೆ ಬಿದ್ದದ್ದು ನಮ್ಮ ಅಡುಗೆಮನೆಗೆ.

ಸುಮಾರು 1,298 ಮೀಟರ್ ಎತ್ತರದ ಬ್ರಹ್ಮಗಿರಿಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳಿವೆ. ಹೋಗಿಬರಲು ಅರ್ಧ ದಿನ ಇಟ್ಟುಕೊಳ್ಳಬೇಕು. ಬೆಟ್ಟದ ಮಗ್ಗುಲಲ್ಲಿರುವ ಗಂಗಾದ್ವಾರಕ್ಕೆ ಬೇರೆಯೇ ಮೆಟ್ಟಿಲ ಸಾಲಿದೆ, ಮೊಣಕಾಲು ನೋವಿರುವವರು ಅಷ್ಟಕ್ಕೇ ತೃಪ್ತಿಪಡಬಹುದು. ಕೋತಿಗಳ ಕಾಟ ಜೋರು, ತಿಂಡಿಯ ಚೀಲ ಕೈಯಲ್ಲಿ ಹಿಡಿದು ನಡೆಯಬೇಡಿ. ಶ್ರಾವಣದ ಮೂರನೇ ಸೋಮವಾರ ಬ್ರಹ್ಮಗಿರಿ ಪ್ರದಕ್ಷಿಣೆಗೆ ಭಾರೀ ಜನ ಸೇರುತ್ತಾರೆ. ಬರಿಗಾಲಲ್ಲಿ, ಮಳೆಯಲ್ಲಿ ನೆನೆಯುತ್ತ ನಡೆಯುವ ಈ ಸುತ್ತು ಸುಮಾರು 20 ಕಿ.ಮೀ. ಭಕ್ತಿಗೆ ಬರುವವರಿಗೆ ಅದೇ ದಿನ ಸರಿ, ನೆಮ್ಮದಿಯಾಗಿ ನಡೆಯಬೇಕೆನ್ನುವವರಿಗೆ ಬೇರೆ ದಿನ.

ತ್ರ್ಯಂಬಕ–ನಾಸಿಕ್ ರಸ್ತೆಯಲ್ಲೇ ಸಿಗುವ ಅಂಜನೇರಿ ಇನ್ನೊಂದು ಒಳ್ಳೆಯ ಚಾರಣ. ಹನುಮಂತ ಹುಟ್ಟಿದ್ದು ಇಲ್ಲಿ ಎಂದು ನಾಸಿಕ್‌ನವರು ಹೇಳುತ್ತಾರೆ, ಆನೆಗೊಂದಿಯ ಅಂಜನಾದ್ರಿಯಲ್ಲಿ ಎಂದು ನಾವು. 2022ರಲ್ಲಿ ನಾಸಿಕ್‌ನಲ್ಲಿ ಈ ಬಗ್ಗೆ ಸಾಧುಗಳ ನಡುವೆ ಚರ್ಚಾಸಭೆಯೇ ನಡೆದು, ಜಗಳದಲ್ಲಿ ಮುಗಿಯಿತು. ಬೆಟ್ಟದ ಬುಡದ ಹಳ್ಳಿಯಲ್ಲಿ ಸೇವುಣರ ಕಾಲದ ದೇಗುಲಗಳ ಅವಶೇಷಗಳಿವೆ, ಹತ್ತುವ ಮುನ್ನ ಒಂದು ಗಂಟೆ ಕೊಡಿ. ರಣಹದ್ದುಗಳ ನೆಲೆ ಎಂಬ ಕಾರಣಕ್ಕೂ, ಬೆಟ್ಟದ ಹೆಸರನ್ನೇ ಹೊತ್ತ ‘ಸೆರೊಪೀಜಿಯಾ ಅಂಜನೇರಿಕಾ’ ಎಂಬ ಅಪರೂಪದ ಗಿಡದಿಂದಲೂ ಇದು ಸಂರಕ್ಷಿತ ಪ್ರದೇಶ. ಮೇಲಕ್ಕೆ ವಾಹನ ರಸ್ತೆ ಮಾಡುವ ಪ್ರಸ್ತಾವ ಬಂದಾಗ ಪರಿಸರಪ್ರಿಯರು ತೀವ್ರವಾಗಿ ವಿರೋಧಿಸಿದರು. ಸದ್ಯ ಕಾಲೇ ದಾರಿ, ಅದು ಹಾಗೇ ಇರುವುದು ಒಳ್ಳೆಯದು. ಮಳೆಗಾಲದಲ್ಲಿ ಹೂಗಳ ನಡುವೆ ಕಾಲುದಾರಿ ಬಿಟ್ಟು ಇಳಿಯಬೇಡಿ.

ಸಾಮಾಜಿಕ ಜಾಲತಾಣಗಳಿಂದ ಪ್ರಸಿದ್ಧವಾದ ಹರಿಹರ ಕೋಟೆಯೂ ಇದೇ ಕಡೆ ಇದೆ. ಗೋಡೆಯಂತೆ ಕಡಿದಾದ ಅದರ ಕಲ್ಲಿನ ಮೆಟ್ಟಿಲುಗಳಲ್ಲಿ ರಜಾದಿನ ಹತ್ತುವವರೂ ಇಳಿಯುವವರೂ ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ಹೋಗುವ ಜಾಗ ಅದಲ್ಲ.

ಗಂಗಾಪುರ ಜಲಾಶಯದ ಸುತ್ತ

ಬೆಟ್ಟ ಇಳಿದ ಗೋದಾವರಿ ಬೇಝೆ ಹಳ್ಳಿಯ ಬಳಿ ಚಕ್ರತೀರ್ಥದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾಳೆ ಎಂಬುದು ಜನರ ನಂಬಿಕೆ. ಅಲ್ಲಿಂದ ಕೆಳಗೆ 1965ರಲ್ಲಿ ಪೂರ್ಣಗೊಂಡ ಗಂಗಾಪುರ ಮಣ್ಣಿನ ಅಣೆಕಟ್ಟು ಸಿಗುತ್ತದೆ. ನಾಸಿಕ್ ನಗರಕ್ಕೆ ಕುಡಿಯುವ ನೀರು ಇಲ್ಲಿಂದಲೇ. ವೈನ್‌ನ ಕಥೆ ಶುರುವಾಗುವುದೂ ಈ ನೀರಿನ ಅಂಚಿನಲ್ಲೇ. ಕ್ಯಾಲಿಫೋರ್ನಿಯಾದ ಒರಾಕಲ್ ಕಂಪನಿಯ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ಮನೆತನದ ಜಮೀನಿನಲ್ಲಿ 1997ರಲ್ಲಿ ವೈನ್ ದ್ರಾಕ್ಷಿ ನೆಟ್ಟರು, 2000ದಲ್ಲಿ ಸುಲಾದ ಮೊದಲ ವೈನ್ ಮಾರುಕಟ್ಟೆಗೆ ಬಂತು. ತಾಯಿ ಸುಲಭಾ ಅವರ ಹೆಸರಿನಿಂದ ಬಂದದ್ದು ಈ ‘ಸುಲಾ’. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದ ಮೇಲೆ ಯಾರ್ಕ್, ಸೋಮಾ ಮುಂತಾದವು ಸುತ್ತಲೂ ಎದ್ದವು.

ನಡೆಯುವವರಿಗೆ ಅನುಕೂಲ ಎಂದರೆ ಸೋಮೇಶ್ವರ ದೇವಸ್ಥಾನ ಮತ್ತು ಜಲಪಾತದಿಂದ ಹೊರಟು ಗೋವರ್ಧನ, ಗಂಗಾವರ್ಹೆ ಕಡೆಗೆ ಹಳ್ಳಿ ರಸ್ತೆ ಹಿಡಿಯುವುದು. ಬೆಳಗ್ಗೆ ಆರಕ್ಕೆ ಹೊರಟರೆ ವಾಹನಗಳ ಗದ್ದಲ ಶುರುವಾಗುವ ಮೊದಲು ಜಲಾಶಯದ ಅಂಚು ತಲುಪಬಹುದು. ಅಣೆಕಟ್ಟಿನ ಮೇಲೆ ಓಡಾಡಲು ಬಿಡುವುದಿಲ್ಲ.

ತೋಟದೊಳಗೆ ಕಾಲಿಡುವ ಮೊದಲು ಮಾಲೀಕರನ್ನು ಕೇಳಿ. ಇದು ಬರೀ ಮರ್ಯಾದೆಯ ಮಾತಲ್ಲ. ಬಳ್ಳಿಗಳಿಗೆ ಆಗಾಗ ಔಷಧಿ ಹೊಡೆಯುತ್ತಾರೆ, ಸಿಂಪಡಣೆಯಾದ ಸಾಲಿನಲ್ಲಿ ನಡೆಯುವುದು, ಗೊನೆ ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಅಪಾಯ. ವೈನರಿಗಳಲ್ಲಿ ಹಣ ಕಟ್ಟಿದರೆ ತೋಟ, ಪೀಪಾಯಿ ಕೋಣೆ ತೋರಿಸುತ್ತಾರೆ. ವೈನ್ ಕುಡಿಯದವರಿಗೂ ಅದು ನೋಡತಕ್ಕದ್ದೇ. ಆದರೆ ರುಚಿ ನೋಡಿದ ಮೇಲೆ ಬೆಟ್ಟ ಹತ್ತುವ ಯೋಚನೆ ಬೇಡ, ಚಾರಣ ಮೊದಲು.

ಯಾವಾಗ ಹೋಗಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಚಾರಣಕ್ಕೆ ಜನ ಹೊರಡುವುದು ಜುಲೈ–ಆಗಸ್ಟ್‌ನ ಹಸಿರಿನಲ್ಲಿ. ಆಗ ತೋಟದಲ್ಲಿ ಹಣ್ಣೇ ಇರುವುದಿಲ್ಲ. ನಮ್ಮ ವಿಜಯಪುರದಂತೆಯೇ ಇಲ್ಲೂ ವರ್ಷಕ್ಕೆ ಎರಡು ಚಾಟ್ನಿ. ಕೊಯ್ಲು ಮುಗಿದು ಎಪ್ರಿಲ್ ಹೊತ್ತಿಗೆ ಮಾಡುವ ಮೊದಲ ಚಾಟ್ನಿಯಿಂದ ಕಡ್ಡಿ ಬಲಿಯುತ್ತದೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್‌ನ ಎರಡನೆಯದರಿಂದ ಹೂ, ಕಾಯಿ ಬರುತ್ತವೆ. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಬೆಟ್ಟವೂ ದ್ರಾಕ್ಷಿಯೂ ಎರಡೂ ಬೇಕೆಂದರೆ ಜನವರಿ ಮತ್ತು ಫೆಬ್ರವರಿಯೇ ಸರಿಯಾದ ಕಾಲ. ಬಿಸಿಲು ಹಿತ, ಕಲ್ಲು ಒಣಗಿರುತ್ತದೆ, ತೊರೆಗಳು ಮಾತ್ರ ಬತ್ತಿರುತ್ತವೆ. ಹಾಗಾಗಿ ತಲೆಗೆ ಎರಡು ಲೀಟರ್ ನೀರು ಜೊತೆಗಿರಲಿ.

ನಾಸಿಕ್ ದಾಟಿ ಪೂರ್ವಕ್ಕೆ ನಿಫಾಡ ತಾಲೂಕಿಗೆ ಹೋದರೆ ಬೆಟ್ಟ ಮುಗಿದು ಬಯಲು. ತ್ರ್ಯಂಬಕದ ಜಡಿಮಳೆ ಇಲ್ಲಿಗೆ ತಲುಪುವುದಿಲ್ಲ, ಇದು ಮಳೆನೆರಳಿನ ನಾಡು. ತಿನ್ನುವ ದ್ರಾಕ್ಷಿಯ ದೊಡ್ಡ ಪ್ರದೇಶವೂ ಇದೇ. ಗೋದಾವರಿ ಮತ್ತು ಕಾದವಾ ಸೇರುವಲ್ಲಿರುವ ನಾಂದೂರ ಮಧ್ಯಮೇಶ್ವರ ಪಕ್ಷಿಧಾಮ 2020ರಲ್ಲಿ ರಾಮ್ಸರ್ ಪಟ್ಟಿ ಸೇರಿತು, ಮಹಾರಾಷ್ಟ್ರದಲ್ಲಿ ಆ ಮಾನ್ಯತೆ ಪಡೆದ ಮೊದಲ ತಾಣ. ವಯಸ್ಸಾದವರೂ ಸಲೀಸಾಗಿ ನಡೆಯಬಹುದಾದ ಸಮತಟ್ಟು ದಾರಿ, ಚಳಿಗಾಲದಲ್ಲಿ ವಲಸೆ ಹಕ್ಕಿಗಳು. ನಿಫಾಡದ ಚಳಿ ಹಗುರವಲ್ಲ. ಕೆಲವು ರಾತ್ರಿ ಕಾಯಿ ಒಡೆಯದಂತೆ ರೈತರು ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ. 2023ರ ನವೆಂಬರ್ ಕೊನೆಯಲ್ಲಿ ಆಲಿಕಲ್ಲು ಮಳೆ ಬಿದ್ದು ಇಲ್ಲಿನ ತೋಟಗಳು ನೆಲಕಚ್ಚಿದವು.

ನೀರಿನ ಜಗಳವನ್ನೂ ತಿಳಿದಿರಬೇಕು. ಬರ ಬಂದಾಗ ನಾಸಿಕ್ ಕಡೆಯ ಜಲಾಶಯಗಳಿಂದ ಪೈಠಣದ ಜಾಯಕವಾಡಿಗೆ ನೀರು ಬಿಡಬೇಕಾಗುತ್ತದೆ. 2015ರಲ್ಲಿ, ಮತ್ತೆ 2023ರಲ್ಲಿ ಬಿಡುಗಡೆಯ ಆದೇಶ ಬಂದಾಗ ನಾಸಿಕ್‌ನಲ್ಲಿ ವಿರೋಧ ಎದ್ದಿತು. ಮರಾಠವಾಡದವರಿಗೆ ಕುಡಿಯಲು ಬೇಕು, ಇಲ್ಲಿಯವರಿಗೆ ಸಾಲ ಮಾಡಿ ನೆಟ್ಟ ಬಳ್ಳಿ ಉಳಿಯಬೇಕು. ಕಾವೇರಿ, ಕೃಷ್ಣೆಯ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಗುವುದು ಹೇಗೆ?

ಸಾಂತಾಕ್ರೂಜ್‌ನಿಂದ ಲೋಕಲ್‌ನಲ್ಲಿ ದಾದರ್‌ಗೆ ಹೋಗಿ ಮಧ್ಯ ರೈಲ್ವೆಯ ಗಾಡಿ ಹಿಡಿಯಬೇಕು. ಬೆಳಗಿನ ತಪೋವನ ಎಕ್ಸ್‌ಪ್ರೆಸ್ ಅನುಕೂಲ. ಇಳಿಯುವ ನಾಸಿಕ್ ರೋಡ್ ನಿಲ್ದಾಣ ಊರಿನಿಂದ ಸುಮಾರು 9 ಕಿ.ಮೀ. ದೂರ. ಅಲ್ಲಿಂದ ನಾಸಿಕ್‌ಗೆ, ಮತ್ತೆ ಸುಮಾರು 30 ಕಿ.ಮೀ. ದೂರದ ತ್ರ್ಯಂಬಕಕ್ಕೆ ಬಸ್ಸುಗಳಿವೆ. ಕಾರಿನವರು ವಾಕೋಲಾದಿಂದ ಸಾಂತಾಕ್ರೂಜ್–ಚೆಂಬೂರು ಲಿಂಕ್ ರಸ್ತೆ ಹಿಡಿದು ಪೂರ್ವ ಹೆದ್ದಾರಿ ಸೇರಿ, ಠಾಣೆ, ಭಿವಂಡಿ ಮಾರ್ಗವಾಗಿ ಹೋಗಬಹುದು. 2025ರ ಜೂನ್‌ನಲ್ಲಿ ಸಮೃದ್ಧಿ ಮಹಾಮಾರ್ಗದ ಇಗತ್‌ಪುರಿ–ಆಮಣೆ ಭಾಗ ತೆರೆದ ಮೇಲೆ ಕಸಾರಾ ಘಾಟಿಯ ತಿರುವುಗಳನ್ನು ತಪ್ಪಿಸುವ ಆಯ್ಕೆಯೂ ಇದೆ. 2027ರ ಸಿಂಹಸ್ಥ ಕುಂಭಮೇಳದ ದಿನಗಳಲ್ಲಿ ತ್ರ್ಯಂಬಕದ ಕಡೆ ಚಾರಣದ ಯೋಜನೆ ಹಾಕಿಕೊಳ್ಳಬೇಡಿ.

ಊರಿಗೆ ಹೋದಾಗ ಇಂಥದ್ದೇ ನೋಡಬೇಕೆನ್ನುವವರಿಗೆ ನಂದಿ ಬೆಟ್ಟದ ತಪ್ಪಲಿದೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲೇ ವೈನ್ ಉದ್ಯಮಕ್ಕೆ ಇಳಿದಿತ್ತು. ಹತ್ತಿರದ ಸ್ಕಂದಗಿರಿ ಹತ್ತಲು ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಿಕೊಳ್ಳಬೇಕು.