ರಣಹದ್ದುಗಳೂ ಶಾಸನವೂ

ವನ್ಯಜೀವಿ ಸಂರಕ್ಷಣಾ ಕಾಯಿದೆಯು 1972ರಲ್ಲಿಯೇ ಜಾರಿಗೆ ಬಂದಿತು. ಆದರೂ 1990ರ ದಶಕದಿಂದೀಚೆಗೆ ಭಾರತದ ರಣಹದ್ದುಗಳಲ್ಲಿ ಮುಖ್ಯ ಜಾತಿಗಳು ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ನಶಿಸಿದವು. ಕಾಯಿದೆ ತಡೆದುದು ಬೇಟೆಗಾರನನ್ನು. ಕೊಂದುದು ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ. ಅದು ಉಳಿದಿದ್ದ ಕಳೇಬರವನ್ನು ತಿಂದ ಹಕ್ಕಿಯ ಮೂತ್ರಪಿಂಡ ಕೆಡುತ್ತಿತ್ತು.

ಕಾರಣ ತಿಳಿದ ಮೇಲೆ, 2006ರಲ್ಲಿ, ಸರ್ಕಾರವು ಪಶುಚಿಕಿತ್ಸೆಯಲ್ಲಿ ಇದನ್ನು ನಿಷೇಧಿಸಿತು. ಅವನತಿಯ ವೇಗ ತಗ್ಗಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗಳನ್ನು ಸೇರುತ್ತಲೇ ಇದ್ದವು. 2015ರಲ್ಲಿ ಸೀಸೆಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು.

ಹಾಗಾದರೆ ಶಾಸನ ವ್ಯರ್ಥವೇ? ಅಲ್ಲ. ಸಾವಿನ ನಿಜವಾದ ಕಾರಣವನ್ನು ಹಿಡಿದಾಗ ಅದು ಫಲಿಸುತ್ತದೆ. ಆಗಲೂ ಅದರ ಕಾವಲುಗಾರನು ಅರಣ್ಯದಲ್ಲಿಲ್ಲ, ಅಂಗಡಿಯಲ್ಲಿದ್ದಾನೆ: ಲಾಭ ತರುವ ಸೀಸೆಯನ್ನು ಕೇಳಿದವನಿಗೆ ‘ಕೊಡಲಾರೆ’ ಎನ್ನಬೇಕಾದ ವರ್ತಕನೇ ಅವನು.