ದುಡುಕಿನ ಚಾಲನೆಯಿಂದಾದ ಅಪಘಾತ: ತಪ್ಪಿನ ಹೊಣೆ ನಿರ್ಧಾರ

ಏಕಮುಖ ಸಂಚಾರಕ್ಕೆ ವಿರುದ್ಧವಾಗಿ ವಾಹನ ನಡೆಸುವುದು, ಕೆಂಪು ದೀಪ ದಾಟುವುದು, ಕಾನೂನುಬಾಹಿರವಾಗಿ ಹಿಂದಿಕ್ಕುವುದು ಇವು 2019ರ ತಿದ್ದುಪಡಿಯನ್ವಯ ಮೋಟಾರು ವಾಹನಗಳ ಅಧಿನಿಯಮ, 1988ರ 184ನೇ ಕಲಮಿನಡಿ ಅಪಾಯಕರ ಚಾಲನೆ ಎನಿಸುತ್ತವೆ.

ಕ್ರಿಮಿನಲ್ ನ್ಯಾಯಾಲಯದಲ್ಲಿ ಅಪರಾಧವು ಸಂಶಯಾತೀತವಾಗಿ ರುಜುವಾತಾಗಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸಂಭವನೀಯತೆ ಹೆಚ್ಚಿದ್ದರೆ ಸಾಕು. ಆದ್ದರಿಂದ ಚಾಲಕನು ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಪ್ರತ್ಯಕ್ಷದರ್ಶಿಗಳ ಹೇಳಿಕೆ ಇವು ಮುಖ್ಯ ಆಧಾರಗಳು.

ಹಿಂದಿನಿಂದ ಡಿಕ್ಕಿ ಹೊಡೆದವನದೇ ತಪ್ಪೆಂಬ ಜನಜನಿತ ನಂಬಿಕೆ ಪೂರ್ಣ ಸತ್ಯವಲ್ಲ. 2017ರಲ್ಲಿ ಕೊಯಮತ್ತೂರಿನ ಹೆದ್ದಾರಿಯಲ್ಲಿ ಕಾರೊಂದು ಸೂಚನೆ ನೀಡದೆ ಹಠಾತ್ತನೆ ನಿಂತಿತು. ಹಿಂದಿದ್ದ ಬೈಕ್ ಸವಾರನು ಅದಕ್ಕೆ ಡಿಕ್ಕಿ ಹೊಡೆದು ಬಿದ್ದನು. ಬಸ್ಸು ಹರಿದು ಕಾಲು ಕಳೆದುಕೊಂಡನು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರಿನ ಚಾಲಕನಿಗೆ ಶೇ. 50, ಬಸ್ಸಿನ ಚಾಲಕನಿಗೆ ಶೇ. 30 ಹಾಗೂ ಸಾಕಷ್ಟು ಅಂತರ ಕಾಯ್ದುಕೊಳ್ಳದ ಸವಾರನಿಗೆ ಶೇ. 20 ಹೊಣೆ ನಿಗದಿಪಡಿಸಿತು. ಸವಾರನ ಪರಿಹಾರದಲ್ಲಿ ಅವನ ಪಾಲಿನಷ್ಟೇ ಕಡಿತವಾಯಿತು.

ತಪ್ಪು ಯಾರದೆಂದು ರುಜುವಾತುಪಡಿಸಲಾಗದವರು 164ನೇ ಕಲಮಿನಡಿ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೋರಬಹುದು. ಆ ಮೊತ್ತವನ್ನು ಸ್ವೀಕರಿಸಿದಲ್ಲಿ 166ನೇ ಕಲಮಿನ ಅರ್ಜಿಯು ಅಲ್ಲಿಗೆ ಮುಗಿಯುತ್ತದೆ. ಆದುದರಿಂದ ಸಹಿ ಮಾಡುವ ಮುನ್ನ ಲೆಕ್ಕ ನೋಡುವುದು ಒಳಿತು.