ಕೆಂಪು ಸೀರೆಯ ಅತ್ತೆ ಮತ್ತು ಫಣಿಯಮ್ಮ

ಮೊನ್ನೆ ಶನಿವಾರ ಅಜ್ಜಿ ಜೊತೆ ಗಾಂಧಿ ಬಜಾರಿಗೆ ಹೋಗಿದ್ದೆ. ಹೂವು, ವೀಳ್ಯದೆಲೆ ತಗೊಂಡು ವಾಪಸ್ ಬರುವಾಗ ಬಟ್ಟೆ ಅಂಗಡಿಯೊಂದರ ಮುಂದೆ ನೇತುಹಾಕಿದ್ದ ಪುಟ್ಟ ಜರಿ ಲಂಗ ನೋಡಿ ಅಜ್ಜಿ ನಿಂತುಬಿಟ್ಟರು. "ನಮ್ಮತ್ತೆ ಹತ್ರಾನೂ ಇಂಥದ್ದೊಂದಿತ್ತಂತೆ ಕಣೋ" ಅಂದರು.

ಅಜ್ಜಿಯ ಆ ಸೋದರತ್ತೆ ಬಾಲವಿಧವೆ. ಬೋಳು ತಲೆ, ಮೈಮೇಲೆ ಸದಾ ಕೆಂಪು ಸೀರೆ, ರವಿಕೆ ಇಲ್ಲ. ಚಿಕ್ಕಂದಿನಲ್ಲಿ ಅಜ್ಜಿ, "ಅತ್ತೆ, ನಿಂಗೆ ಕೆಂಪು ಅಂದ್ರೆ ಅಷ್ಟು ಇಷ್ಟಾನಾ?" ಅಂತ ಕೇಳಿದ್ದರಂತೆ. ಅತ್ತೆ ನಕ್ಕು ಸುಮ್ಮನಾದರಂತೆ. ಆ ನಗು ಅಜ್ಜಿಗೆ ಅರ್ಥವಾಗಿದ್ದು ಎಷ್ಟೋ ವರ್ಷ ಆದಮೇಲೆ.

ಮನೆಗೆ ಬಂದವನೇ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ತೆಗೆದೆ. ಇಂಜಿನಿಯರಿಂಗ್ ಓದುವಾಗ ಒಮ್ಮೆ ಓದಿದ್ದೆ. ಆಗ ಕಥೆ ಮಾತ್ರ ನೆನಪಿನಲ್ಲಿ ಉಳಿದಿತ್ತು, ಈ ಸಲ ಕಣ್ಣಿಗೆ ಬಿದ್ದಿದ್ದು ಬಟ್ಟೆ. ಒಂಬತ್ತು ವರ್ಷದ ಮಲೆನಾಡಿನ ಹುಡುಗಿಗೆ ಮದುವೆ. ಸ್ವಲ್ಪ ದಿನಕ್ಕೇ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ಅದು ಮುಗಿದುಹೋಗಿರುತ್ತದೆ. ಆದರೆ ತಲೆ ಬೋಳಿಸುವುದು ಆಗಲ್ಲ, ಆಕೆ ಮೈನೆರೆದ ಮೇಲೆ!

ಇಲ್ಲೇ ನನಗೆ ಕರುಳು ಚುರುಕ್ ಅಂದಿದ್ದು. ಬೇರೆ ಹುಡುಗಿಯರು ದೊಡ್ಡವರಾದರೆ ಹೊಸ ಸೀರೆ, ಹೂವು, ಆರತಿ. ಫಣಿಗೆ ಕ್ಷೌರದ ಕತ್ತಿ, ವಿಧವೆಯ ಸೀರೆ. ಬೆಳೆದಿದ್ದಕ್ಕೇ ಶಿಕ್ಷೆ. ಅವಳ ಬಾಲ್ಯ ಮುಗಿಯಿತು ಅಂತ ಊರಿಗೆಲ್ಲ ಸಾರುವುದು ಆ ಬಟ್ಟೆ.

ಕಾನೂನು ಏನು ಮಾಡುತ್ತಿತ್ತು ಅಂತೀರಾ? ನಮ್ಮ ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯುವ ಕಾನೂನು ತಂದಿತು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವ ಹಾಗಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವ ಹಾಗಿಲ್ಲ. ಆ ಕಾಲಕ್ಕೆ ದೊಡ್ಡ ಹೆಜ್ಜೆ, ಒಪ್ಪೋಣ. ಆದರೆ ಲೆಕ್ಕ ಹಾಕಿ ನೋಡಿ, ಫಣಿಗೆ ಒಂಬತ್ತು. ಅಜ್ಜಿಯ ಅತ್ತೆಗೂ ಒಂಬತ್ತೇ ಅಂತೆ, ಅದೂ ಈ ಕಾನೂನು ಬಂದಮೇಲೆ. ಇಬ್ಬರ ಮದುವೆಗೂ ಈ ಕಾನೂನು ಅಡ್ಡ ಬರುತ್ತಿರಲಿಲ್ಲ. ಇನ್ನು ಸೀರೆ, ತಲೆಗೂದಲು ಎಲ್ಲ ಮನೆಯ ಹಿರಿಯರ ಕೈಯಲ್ಲೇ ಇತ್ತು.

ಹಾಗಂತ ಎಲ್ಲರೂ ಆ ಸೀರೆಯೊಳಗೇ ಮುದುಡಿ ಕೂರಲಿಲ್ಲ. ಬಾಲ್ಯದಲ್ಲೇ ಗಂಡನನ್ನು ಕಳಕೊಂಡ ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರು ಮಾಡಿದರು. ಚಾಮರಾಜಪೇಟೆಯ ಮಕ್ಕಳ ಕೂಟ ಕಟ್ಟಿದವರೂ ಅವರೇ. ಆ ಸರ್ಕಲ್ಲಿನಲ್ಲಿ ಎಷ್ಟು ಸಲ ಬಸ್ ಹತ್ತಿದ್ದೀನೋ, ಒಮ್ಮೆಯೂ ಇದು ನೆನಪಾಗಿರಲಿಲ್ಲ, ನಾಚಿಕೆಯಾಯಿತು. ಕಾದಂಬರಿಯ ಫಣಿಯಮ್ಮನೂ ಅಷ್ಟೇ. ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ತಾನು ಜೀವನವಿಡೀ ಉಟ್ಟಿದ್ದನ್ನು ಇನ್ನೊಬ್ಬಳಿಗೆ ಉಡಿಸಲು ಒಪ್ಪುವುದಿಲ್ಲ. ನನಗೆ ಇಡೀ ಪುಸ್ತಕದಲ್ಲಿ ದೊಡ್ಡದು ಅನಿಸಿದ್ದು ಇದೇ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಸಿನಿಮಾ ಮಾಡಿದ್ದಾರೆ, ಸಿಕ್ಕರೆ ನೋಡಿ.

ಅಂದಹಾಗೆ, ಆವತ್ತು ಅಕ್ಕನ ಮಗಳಿಗೆ ಅಂತ ಆ ಅಂಗಡಿಯಲ್ಲಿ ಒಂದು ಲಂಗ ತಗೊಂಡ್ವಿ. ಅಂಗಡಿಯವರು ನಾಲ್ಕೈದು ಬಣ್ಣ ಹರಡಿದರು. ಅಜ್ಜಿ ತಾವು ಆರಿಸಲಿಲ್ಲ. "ಫೋನ್ ಮಾಡೋ, ಯಾವ ಬಣ್ಣ ಬೇಕು ಅಂತ ಅವಳನ್ನೇ ಕೇಳು" ಅಂದರು.